ಎತ್ತಿಗೆ ಒಂಬತ್ತು ಗಂಟೆ, ಲಾರಿ ಡ್ರೈವರನಿಗೆ ಎಷ್ಟು?



1965ರಲ್ಲಿ ಭಾರತ ಸರಕಾರವು ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ ಒಂದು ನಿಯಮಾವಳಿ ಮಾಡಿತು. ಎತ್ತನ್ನಾಗಲಿ ಕುದುರೆಯನ್ನಾಗಲಿ ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಕೂಡದು. ಬಿಡುವು ಕೊಡದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ನಡೆಸಕೂಡದು. ಬಿಸಿಲು 37 ಡಿಗ್ರಿ ಮೀರುವ ಊರುಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ನೊಗಕ್ಕೆ ಕಟ್ಟಲೇಕೂಡದು. ಒಳ್ಳೆಯ ನಿಯಮ. ಬಾಯಿಲ್ಲದ ಪ್ರಾಣಿಯ ಪರವಾಗಿ ಯಾರೋ ಯೋಚಿಸಿದ್ದಾರೆ. ಇನ್ನೊಂದು ಸಂಗತಿಯನ್ನೂ ಗಮನಿಸಿರಿ. ಇಷ್ಟು ಎತ್ತುಗಳಿರುವ ಯಜಮಾನನಿಗೆ ಮಾತ್ರ ಈ ನಿಯಮ ಎಂದು ಅಲ್ಲಿ ಹೇಳಿಲ್ಲ. ಹಟ್ಟಿಯಲ್ಲಿ ಒಂದೇ ಎತ್ತು ಇದ್ದರೂ ಅದಕ್ಕೆ 9 ಗಂಟೆಯ ಹಕ್ಕು ಉಂಟು.

ಲಾರಿ ಓಡಿಸುವ ಮನುಷ್ಯನಿಗೆ ಎಷ್ಟು ಗಂಟೆ? ಆ ಗಂಟೆ ಮುಗಿದ ಮೇಲೆ ಅವನು ಏನು ಮಾಡಬೇಕು? ಈ ಎರಡು ಪ್ರಶ್ನೆಗಳನ್ನು ನಾವು ಕೇಳಲೇಬೇಕು. ಇದು ಹೊರಗಿನವರ ಸಂಗತಿಯಲ್ಲ. ಗೂಡಲೂರು, ಪಂದಲೂರು, ಕೋತಗಿರಿ, ಮೇಪ್ಪಾಡಿ, ಮಾನಂದವಾಡಿ ಕಡೆಯ ಲೈನುಗಳಲ್ಲಿ ತಾಯಿ ಚಹಾ ಎಲೆ ಕೀಳುತ್ತಾಳೆ, ಮಗ ಲಾರಿ ಏರುತ್ತಾನೆ. ನಾವು ಕಿತ್ತ ಎಲೆ ಪುಡಿಯಾಗಿ ಚೀಲ ಸೇರಿದ ಮೇಲೆ ಅದನ್ನು ಘಾಟಿ ಇಳಿಸುವವನು ನಮ್ಮದೇ ಹುಡುಗ. ಅವನು ರಾತ್ರಿ ನಿದ್ದೆ ಮಾಡಿದನೋ ಇಲ್ಲವೋ ಎಂಬುದು ನಮ್ಮ ಮನೆಯ ಪ್ರಶ್ನೆ.

ಕಾಗದದ ಮೇಲೆ ಏನಿದೆ?

1961ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಅದು ಗೆರೆ ಎಳೆಯಿತು. ದೂರದ ದಾರಿಗೆ, ಹಬ್ಬಹರಿದಿನಗಳಿಗೆ ಅಧಿಕಾರಿಯ ಒಪ್ಪಿಗೆ ಪಡೆದು ಹೆಚ್ಚು ದುಡಿಸಬಹುದು. ಆದರೆ ಆಗಲೂ ದಿನಕ್ಕೆ 10, ವಾರಕ್ಕೆ 54 ದಾಟಬಾರದು. 5 ಗಂಟೆ ಕೆಲಸವಾದ ಮೇಲೆ ಅರ್ಧ ಗಂಟೆಯಾದರೂ ಬಿಡುವು. ಬಿಡುವು ಸೇರಿ ದಿನದ ಕೆಲಸ 12 ಗಂಟೆಯೊಳಗೆ ಮುಗಿಯಬೇಕು. ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವ ನಡುವೆ ಒಟ್ಟಿಗೆ 9 ಗಂಟೆ ವಿಶ್ರಾಂತಿ. ಹೆಚ್ಚು ದುಡಿದರೆ ಎರಡು ಪಟ್ಟು ಕೂಲಿ. ಲಾರಿ ಕೆಟ್ಟು ನಿಂತರೆ, ರಸ್ತೆ ಕಡಿದುಹೋದರೆ, ನೆರೆ ಬಂದರೆ ಮಾತ್ರ ಈ ಗೆರೆ ಸಡಿಲ.

ಎಸ್ಟೇಟಿನವರಾದ ನಮಗೆ ಇಂಥ ಗೆರೆ ಹೊಸದಲ್ಲ. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ವಾರಕ್ಕೆ 54 ಗಂಟೆ ಎಂದಿತ್ತು. 1981ರ ತಿದ್ದುಪಡಿಯಿಂದ ಅದು 48ಕ್ಕೆ ಇಳಿಯಿತು. ಯಾರೂ ದಯಮಾಡಿ ಇಳಿಸಿದ್ದಲ್ಲ. ದುಡಿಯುವವರು ಕೇಳಿ ಕೇಳಿ ಇಳಿಸಿದ್ದು. ಹೊಲದಲ್ಲಿ ಸೈರನ್ ಕೂಗಿದರೆ ನಾವು ಬುಟ್ಟಿ ಇಳಿಸುತ್ತೇವೆ. ಲಾರಿಯಲ್ಲಿ ಕೂಗುವ ಸೈರನ್ ಯಾವುದು? ಅಲ್ಲಿ ಕೂಗುವುದು ಮಾಲೀಕನ ಫೋನ್ ಒಂದೇ, ಮತ್ತು ಅದು “ಎಲ್ಲಿದ್ದೀಯ, ಇನ್ನೂ ಯಾಕೆ ತಲುಪಿಲ್ಲ” ಎಂದೇ ಕೇಳುತ್ತದೆ.

ಗೆರೆಯನ್ನು ಅಳಿಸಿದ್ದು ಹೇಗೆ?

ಮೊದಲನೆಯದು ತಲೆ ಎಣಿಕೆ. 1961ರ ಕಾಯಿದೆ 5 ಮಂದಿ ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ ಅನ್ವಯಿಸುತ್ತಿತ್ತು. ನಮ್ಮ ಕಡೆ ಒಂದು ಲಾರಿ, ಎರಡು ಲಾರಿ ಇಟ್ಟುಕೊಂಡವರೇ ಬಹಳ. “ನನ್ನ ಹತ್ತಿರ ಒಬ್ಬ ಡ್ರೈವರ್, ಒಬ್ಬ ಕ್ಲೀನರ್, ನನಗೆ ಆ ಕಾಯಿದೆ ಇಲ್ಲ” ಎಂದು ಅವರು ಹೇಳಿದರು. ಈಗ 1961ರ ಕಾಯಿದೆಯೂ 1951ರ ತೋಟದ ಕಾಯಿದೆಯೂ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ಸೇರಿಹೋಗಿವೆ. ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ದಿನಕ್ಕೆ 8 ಗಂಟೆ ಎಂಬ ಮಾತು ಅದರಲ್ಲೂ ಉಳಿದಿದೆ. ಆದರೆ ಮೋಟಾರು ಸಾರಿಗೆ ಸಂಸ್ಥೆಗೆ ತಲೆ ಎಣಿಕೆ 5 ಇದ್ದದ್ದು 10 ಆಯಿತು. ಎತ್ತಿಗೆ ಎಣಿಕೆ ಬೇಡ, ಒಂದೇ ಸಾಕು. ಡ್ರೈವರನಿಗೆ ಹತ್ತು ಜನ ಜೊತೆ ಬೇಕು! ಇದಕ್ಕಿಂತ ದೊಡ್ಡ ಅವಮಾನ ದುಡಿಯುವವನಿಗೆ ಬೇರೆ ಬೇಕೇ?

ಆದರೂ ಮಾಲೀಕರು ಸುಲಭವಾಗಿ ಜಾರಿಕೊಳ್ಳುವಂತಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 91ನೆಯ ಕಲಮನ್ನು ಓದಬೇಕು. ಸಾರಿಗೆ ವಾಹನವನ್ನು ನಡೆಸಲು ನೇಮಿಸಲ್ಪಟ್ಟ ಯಾವನೇ ವ್ಯಕ್ತಿಯ ಕೆಲಸದ ಗಂಟೆಗಳು 1961ರ ಕಾಯಿದೆಯಲ್ಲಿ ಹೇಳಿದಂತೆಯೇ ಇರತಕ್ಕದ್ದು ಎಂದು ಅದು ಹೇಳುತ್ತದೆ. ಯಾವನೇ ವ್ಯಕ್ತಿ ಎಂದರೆ ಐದರಲ್ಲಿ ಒಬ್ಬ, ಹತ್ತರಲ್ಲಿ ಒಬ್ಬ ಎಂದಲ್ಲ. ಒಂಟಿ ಲಾರಿಯ ಒಂಟಿ ಡ್ರೈವರನೂ ಸೇರಿದ. ಹಳೆಯ ಕಾಯಿದೆ ಹೋದ ಮಾತ್ರಕ್ಕೆ ಈ ಕಲಮು ಸತ್ತಿತೆಂದು ಯಾರೂ ಹೇಳಲಾರರು; ಹಳೆಯದರ ಜಾಗದಲ್ಲಿ ಹೊಸದನ್ನು ಓದಿಕೊಳ್ಳಬೇಕೆಂಬುದೇ ಕಾನೂನಿನ ರೀತಿ. ನಮ್ಮ ಸಂಘಗಳು ಹಿಡಿಯಬೇಕಾದ ಹಿಡಿ ಇದು.

ಎರಡನೆಯದು ಕಾಯುವ ಹೊತ್ತಿನ ಮೋಸ. ಲಾರಿ ಓಡುವ ಸಮಯ, ಅದಕ್ಕೆ ಸೇರಿದ ಸಣ್ಣಪುಟ್ಟ ಕೆಲಸದ ಸಮಯ, ನಿಲ್ದಾಣದಲ್ಲಿ 15 ನಿಮಿಷಕ್ಕಿಂತ ಕಡಿಮೆ ಬರಿದೆ ಕಾಯುವ ಸಮಯ, ಇವು ಕೆಲಸದ ಗಂಟೆಯಲ್ಲಿ ಸೇರುತ್ತವೆ ಎಂದು 1961ರ ಕಾಯಿದೆ ಬಾಯಿಬಿಟ್ಟು ಹೇಳಿತು. 15 ನಿಮಿಷ ಮೀರಿ ಕಾದರೆ? ಅಲ್ಲಿ ಕಾಯಿದೆ ಗುಣುಗುಟ್ಟುತ್ತದೆ. 91ನೆಯ ಕಲಮಿನಲ್ಲಿಯೂ ಒಂದು ಕಿಂಡಿ ಉಂಟು. ಕೆಲಸವಿಲ್ಲದಿದ್ದರೂ ವಾಹನದ ಹತ್ತಿರವೇ ಇರಬೇಕಾದ ಹೊತ್ತನ್ನು ಯಾವ ಸಂದರ್ಭದಲ್ಲಿ ವಿಶ್ರಾಂತಿ ಎಂದು ಎಣಿಸಬಹುದು ಎಂಬುದನ್ನು ರಾಜ್ಯ ಸರಕಾರ ಗೊತ್ತುಮಾಡಬಹುದಂತೆ. ಬಿಸಿಲಲ್ಲಿ ಕಾದ ಕಬ್ಬಿಣದ ಪಕ್ಕ ಕೂತು, ಸರತಿ ತಪ್ಪೀತೆಂದು ಕಣ್ಣು ಮುಚ್ಚದೆ ಕಾಯುವುದು ವಿಶ್ರಾಂತಿಯೋ?

ಲೆಕ್ಕಕ್ಕೆ ಒಂದು ದಿನವನ್ನು ಹಿಡಿಯೋಣ. ಡ್ರೈವರ್ ಬೆಳಿಗ್ಗೆ 7ಕ್ಕೆ ಫ್ಯಾಕ್ಟರಿ ಗೇಟಿನಲ್ಲಿ ಲಾರಿ ನಿಲ್ಲಿಸಿದ. ಚೀಟಿ, ತೂಕ, ಲೋಡು ಎಲ್ಲ ಮುಗಿಯುವಾಗ ಮಧ್ಯಾಹ್ನ 2 ಗಂಟೆ. ನಮ್ಮ ಲೆಕ್ಕದಲ್ಲಿ 7 ಗಂಟೆ ಆಗಲೇ ಖರ್ಚಾಯಿತು, ಉಳಿದದ್ದು ಒಂದು. ಮಾಲೀಕನ ಲೆಕ್ಕದಲ್ಲಿ ಅವನ ದಿನ ಈಗಷ್ಟೇ ಶುರು. ಅಲ್ಲಿಂದ ಕೊಚ್ಚಿಯ ದಾರಿ ಹಿಡಿದು, ರಾತ್ರಿಯೆಲ್ಲ ಓಡಿಸಿ, ಬೆಳಗಿನ ಜಾವ ಗೋದಾಮಿನ ಮುಂದೆ ಮತ್ತೆ ಸರತಿ. ಎರಡು ಲೆಕ್ಕಗಳ ನಡುವಿನ ಅಂತರದಲ್ಲಿ ಹೋಗುವುದು ಹಣ ಮಾತ್ರವಲ್ಲ, ಜೀವ.

ಮೂರನೆಯದು, ಇಬ್ಬರ ಕೆಲಸ ಒಬ್ಬನ ತಲೆಗೆ. ರಾಷ್ಟ್ರೀಯ ಪರ್ಮಿಟ್ ಪಡೆದ ಲಾರಿಯಲ್ಲಿ ಇಬ್ಬರು ಡ್ರೈವರರು ಇರಬೇಕೆಂಬ ನಿಯಮ ಒಂದು ಕಾಲಕ್ಕೆ ಇತ್ತು. ಒಬ್ಬನ ಗಂಟೆ ಮುಗಿದರೆ ಇನ್ನೊಬ್ಬ ಸ್ಟಿಯರಿಂಗ್ ಹಿಡಿಯಲಿ ಎಂಬುದೇ ಅದರ ಅರ್ಥ. 2018ರಲ್ಲಿ ಆ ನಿಯಮವನ್ನು ತೆಗೆದುಹಾಕಿದರು. ದಾರಿ ಕಡಿಮೆಯಾಗಲಿಲ್ಲ, ಊರು ಹತ್ತಿರ ಬರಲಿಲ್ಲ. ಒಂದು ಸಂಬಳ ಮಾತ್ರ ಉಳಿಯಿತು. ಉಳಿದದ್ದು ಯಾರ ಕಿಸೆಗೆ ಹೋಯಿತು ಎಂದು ಕೇಳಿರಿ.

ನಿದ್ದೆಗೆ ಕಾಲಮ್ಮಿಲ್ಲ

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಇದು ಕೇಂದ್ರ ಸರಕಾರವೇ ಕೊಟ್ಟ ಲೆಕ್ಕ. ಆ ವರದಿಯಲ್ಲಿ ನಿಯಮಭಂಗದ ಪಟ್ಟಿ ಉಂಟು: ಅತಿವೇಗ, ಕುಡಿತ, ತಪ್ಪು ಬದಿಯ ಓಟ, ಕೆಂಪು ದೀಪ ದಾಟುವುದು, ಮೊಬೈಲ್, ಇತರೆ. ಸತ್ತವರಲ್ಲಿ ನೂರಕ್ಕೆ 71 ಮಂದಿಯನ್ನು ಅತಿವೇಗದ ಲೆಕ್ಕಕ್ಕೆ ಬರೆದಿದ್ದಾರೆ. ನಿದ್ದೆಗೆ ಕಾಲಮ್ಮೇ ಇಲ್ಲ. ಕಣ್ಣು ಮುಚ್ಚಿದವನ ಲಾರಿ ಕಂದಕಕ್ಕೆ ಬಿದ್ದರೂ ಅದು ಅತಿವೇಗವೇ ಆಗುತ್ತದೆ, ತಪ್ಪು ಡ್ರೈವರನದೇ ಆಗುತ್ತದೆ. ಅವನನ್ನು ಹದಿನೆಂಟು ಗಂಟೆ ಎಚ್ಚರವಿಟ್ಟವನ ಹೆಸರು ಯಾವ ಕಾಗದದಲ್ಲೂ ಬರುವುದಿಲ್ಲ.

17 ಗಂಟೆ ನಿದ್ದೆ ಇಲ್ಲದೆ ಇದ್ದವನ ಕೈ, ಕಣ್ಣು, ಬುದ್ಧಿ ರಕ್ತದ 100 ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಮದ್ಯ ಸೇರಿದವನಂತೆ ಆಗುತ್ತವೆ ಎಂದು ವಿಜ್ಞಾನಿಗಳ ಪರೀಕ್ಷೆಗಳು ತೋರಿಸಿವೆ. ನಮ್ಮ ಕಾನೂನಿನ ಮಿತಿ 30 ಮಿಲಿಗ್ರಾಂ. ಅಂದರೆ ಒಂದು ತೊಟ್ಟು ಕುಡಿಯದವನನ್ನೂ ಮಾಲೀಕನು ಅಮಲಿನ ಸ್ಥಿತಿಗೆ ತಂದು ರಸ್ತೆಗೆ ಬಿಡಬಹುದು, ಯಾವ ಪೊಲೀಸನೂ ಕೇಳುವುದಿಲ್ಲ. ಕುಡಿತಕ್ಕೆ ಊದಿಸುವ ಯಂತ್ರ ಉಂಟು, ನಿದ್ದೆಗೆ ಇಲ್ಲ ಎನ್ನುತ್ತಾರೆ. ಯಂತ್ರ ಯಾಕೆ ಬೇಕು? ಲಾರಿಯಲ್ಲಿ ಜಿಪಿಎಸ್ ಇದೆ. ಟೋಲ್ ಗೇಟು ದಾಟಿದ ಕೂಡಲೇ ಫಾಸ್ಟ್ಯಾಗಿನ ಸಂದೇಶ ಮಾಲೀಕನ ಮೊಬೈಲಿಗೆ ಬರುತ್ತದೆ. ಯಾವ ಲಾರಿ ಎಷ್ಟು ಹೊತ್ತಿಗೆ ಎಲ್ಲಿತ್ತು ಎಂಬುದು ಅವನ ಅಂಗೈಯಲ್ಲಿದೆ. ಡೀಸೆಲ್ ಕದ್ದನೇ ಎಂದು ನೋಡಲು ಆ ಲೆಕ್ಕ ಸಾಕಾಗುತ್ತದೆ. ನಿದ್ದೆ ಕದ್ದೆನೇ ಎಂದು ತಾನೇ ನೋಡಿಕೊಳ್ಳಲು ಸಾಕಾಗುವುದಿಲ್ಲವೋ?

ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯವಾಗಿದೆ. ಬೇಡವೆನ್ನುವುದಿಲ್ಲ. ಆದರೆ ಏಸಿ ಬೆವರನ್ನು ಒರಸುತ್ತದೆ, ನಿದ್ದೆಯನ್ನು ಕೊಡುವುದಿಲ್ಲ.

ಅವರು ಹೇಳುವ ನೆವಗಳು

“ತರಕಾರಿ ಕೊಳೆಯುತ್ತದೆ, ಮಾರುಕಟ್ಟೆ ಕಾಯುವುದಿಲ್ಲ” ಎನ್ನುತ್ತಾರೆ. ಬಂಡೀಪುರದ ಗೇಟನ್ನು ನೋಡಿರಿ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿ, ಊಟಿ ಕಡೆಗೆ ಹೋಗುವ ದಾರಿ, ಎರಡೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿವೆ. ತಾಳವಾಡಿಯವರಿಗೆ ಗೊತ್ತಿರುವ ದಿಂಬಂ ಘಾಟಿಯ 27 ತಿರುವುಗಳಿಗೂ 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ರಾತ್ರಿ ನಿರ್ಬಂಧ ಬಂತು. ಕಾಡುಪ್ರಾಣಿಗಳು ನೆಮ್ಮದಿಯಾಗಿ ದಾರಿ ದಾಟಲಿ ಎಂದು ಮಾಡಿದ್ದು, ಸರಿಯಾದದ್ದೇ. ವಯನಾಡಿನವರು ತರಕಾರಿ ಇಲ್ಲದೆ ಉಪವಾಸ ಬಿದ್ದರೇ? ವ್ಯಾಪಾರ ನಿಂತಿತೇ? ಲೋಡು ಮಾಡುವ ಹೊತ್ತನ್ನು ಬದಲಾಯಿಸಿಕೊಂಡರು, ಅಷ್ಟೇ. ಆನೆಗಾಗಿ ಹೊತ್ತು ಬದಲಾಯಿಸಬಹುದಾದರೆ ಮನುಷ್ಯನಿಗಾಗಿ ಏಕಾಗದು? ಆದರೆ ಇದರಲ್ಲಿಯೂ ಡ್ರೈವರನ ಪಾಲಿಗೆ ಬಂದದ್ದು ಕಷ್ಟವೇ. 9ರ ಒಳಗೆ ಗೇಟು ದಾಟಿಸೆಂದು ಅವನನ್ನು ಅಟ್ಟುತ್ತಾರೆ. ದಾಟಲಾಗದೆ ನಿಂತ 9 ಗಂಟೆಗೆ ಮಲಗುವ ಜಾಗವಿಲ್ಲ, ಶೌಚಕ್ಕೆ ಜಾಗವಿಲ್ಲ.

“ಡ್ರೈವರನೇ ಹೆಚ್ಚು ಟ್ರಿಪ್ ಕೇಳುತ್ತಾನೆ, ನಾವು ಬಲವಂತ ಮಾಡುವುದಿಲ್ಲ” ಎನ್ನುತ್ತಾರೆ. ಟ್ರಿಪ್ಪಿಗೆ ಇಷ್ಟು ಎಂದು ಕೂಲಿ ಕಟ್ಟಿ, ನಿಂತ ದಿನಕ್ಕೆ ಬತ್ತವಿಲ್ಲವೆಂದು ಹೇಳಿ, ಆಮೇಲೆ ಅವನೇ ಕೇಳುತ್ತಾನೆ ಎನ್ನುವುದು ಯಾವ ನ್ಯಾಯ? ಹಸಿದವನು ಒಪ್ಪಿದ್ದು ಒಪ್ಪಿಗೆಯಲ್ಲ. ಹೊಸ ಸಂಹಿತೆಯೇ ಹೇಳುತ್ತದೆ: ಕಾರ್ಮಿಕನು ಒಪ್ಪಿದರೆ ಮಾತ್ರ ಹೆಚ್ಚಿನ ಹೊತ್ತು ದುಡಿಸಬೇಕು, ಅದಕ್ಕೆ ಎರಡು ಪಟ್ಟು ಕೊಡಬೇಕು. ಎರಡು ಪಟ್ಟು ಕೊಡುವ ಮಾತು ಬಂದರೆ ಎಷ್ಟು ಮಾಲೀಕರು ರಾತ್ರಿ ಲಾರಿ ಓಡಿಸುತ್ತಾರೋ ನೋಡೋಣ.

ಹೊರದೇಶದಲ್ಲಿ ಏನು ಮಾಡುತ್ತಾರೆ?

ಅಮೆರಿಕದಲ್ಲಿ ಸರಕು ಲಾರಿಯ ಡ್ರೈವರನು 10 ಗಂಟೆ ವಿಶ್ರಾಂತಿ ಪಡೆದ ಮೇಲೆ 14 ಗಂಟೆಯ ಅವಧಿಯೊಳಗೆ 11 ಗಂಟೆ ಮಾತ್ರ ಓಡಿಸಬಹುದು. 2017ರ ಡಿಸೆಂಬರಿನಿಂದ ಹೆಚ್ಚಿನ ಲಾರಿಗಳಲ್ಲಿ ಈ ಲೆಕ್ಕವನ್ನು ಯಂತ್ರವೇ ಬರೆಯಬೇಕೆಂದು ಕಡ್ಡಾಯವಾಯಿತು. ಗಂಟೆ ಮುಗಿದರೆ ನಿಲ್ಲಿಸಬೇಕು. ಹೊರಡುವಾಗ ಗೊತ್ತಿರದ ಹಿಮ, ಮಂಜು ದಾರಿಯಲ್ಲಿ ಎದುರಾದರೆ 2 ಗಂಟೆ ಹೆಚ್ಚು ಸಿಗುತ್ತದೆ. ಗೋದಾಮಿನಲ್ಲಿ ಕಾಯುತ್ತಲೇ ಗಂಟೆ ಮುಗಿದುಹೋಗಿ, ಅಂಗಳದಿಂದ ಹೊರಡು ಎಂದು ಹೇಳಿದರೆ, ಹತ್ತಿರದ ಸುರಕ್ಷಿತ ಜಾಗಕ್ಕೆ ಲಾರಿ ಸರಿಸಿ ಮಲಗಲು 2018ರಿಂದ ಸ್ಪಷ್ಟ ಅನುಮತಿ ಉಂಟು. ಗಂಟೆ ಮುಗಿದವನನ್ನು ಓಡಿಸೆಂದು ಹೆದರಿಸಿದರೆ ಮಾಲೀಕನಿಗೆ ಮಾತ್ರವಲ್ಲ, ಸರಕಿನವನಿಗೂ ಬ್ರೋಕರನಿಗೂ ದಂಡ ಬೀಳುತ್ತದೆ. ಆ ನಿಯಮ 2016ರಲ್ಲಿ ಬಂತು. ನಿಯಮ ಮುರಿದು ಓಡಿಸಲು ಒಪ್ಪದವನನ್ನು ಕೆಲಸದಿಂದ ತೆಗೆಯಕೂಡದೆಂದು 1982ರಲ್ಲಿಯೇ ಅಲ್ಲಿ ಕಾಯಿದೆಯಾಗಿತ್ತು.

ಅಲ್ಲಿಯೂ ಸ್ವರ್ಗವಿಲ್ಲ. ಬಹಳ ಮಂದಿಗೆ ಮೈಲಿಯ ಲೆಕ್ಕದ ಕೂಲಿ. ಗೋದಾಮಿನಲ್ಲಿ ಕಾಯುವ ಹೊತ್ತಿಗೆ ಎಷ್ಟೋ ವೇಳೆ ಕಾಸಿಲ್ಲ. 1938ರ ಕೂಲಿ ಕಾಯಿದೆಯ ಹೆಚ್ಚುಗಂಟೆಯ ಹಕ್ಕಿನಿಂದ ಅಂತಾರಾಜ್ಯ ಲಾರಿ ಡ್ರೈವರರನ್ನು ಹೊರಗಿಟ್ಟಿದ್ದಾರೆ. ಆದರೂ ಒಂದು ಪಾಠ ಕಲಿಯಬಹುದು. ಗಂಟೆ ಮುಗಿದವನು ನಿಲ್ಲಿಸುವುದು ಅಲ್ಲಿ ಸೋಮಾರಿತನವಲ್ಲ, ಕಾನೂನು. 1979ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 153ನೆಯ ಒಡಂಬಡಿಕೆಯಲ್ಲಿ ಇದನ್ನೇ ಹೇಳಿತು: ಒಂದೇ ಸಮನೆ 4 ಗಂಟೆಗಿಂತ ಹೆಚ್ಚು ಓಡಿಸಬಾರದು, ದಿನಕ್ಕೆ 9 ಗಂಟೆ ದಾಟಬಾರದು, 10 ಗಂಟೆ ವಿಶ್ರಾಂತಿ ಬೇಕು. ಭಾರತವು ಅದಕ್ಕೆ ಸಹಿ ಮಾಡಿ ಒಪ್ಪಿಲ್ಲ.

ಹಾಗಾದರೆ ನಮ್ಮ ಡ್ರೈವರ್ ಏನು ಮಾಡಬೇಕು?

1. ಸಣ್ಣ ಪುಸ್ತಕವೊಂದನ್ನು ಕಿಸೆಯಲ್ಲಿ ಇಡಲಿ. ಗೇಟಿಗೆ ಬಂದ ಹೊತ್ತು, ಲೋಡು ಮುಗಿದ ಹೊತ್ತು, ಹೊರಟ ಹೊತ್ತು, ನಿಲ್ಲಿಸಿದ ಹೊತ್ತು, ಇವನ್ನು ದಿನವೂ ಬರೆಯಲಿ. ಟೋಲ್ ಚೀಟಿ, ತೂಕದ ಚೀಟಿ ಬಿಸಾಡಬಾರದು. ನಾಳೆ ಪೊಲೀಸ್ ಠಾಣೆಯಲ್ಲಿ, ಕಾರ್ಮಿಕ ಇಲಾಖೆಯಲ್ಲಿ ಅವನ ಪರ ಮಾತಾಡುವ ಸಾಕ್ಷಿ ಅದೊಂದೇ.

2. ಗಂಟೆ ಮುಗಿಯುವ ಮೊದಲೇ ಜಾಗ ನೋಡಲಿ. ಪೆಟ್ರೋಲ್ ಬಂಕ್, ದೊಡ್ಡ ಹೋಟೆಲಿನ ಅಂಗಳ, ಚೆಕ್‌ಪೋಸ್ಟಿನ ಬದಿ. ಘಾಟಿಯ ತಿರುವಿನಲ್ಲಿ ನಿಲ್ಲಿಸಲೇಬಾರದು. ಇಳಿಜಾರು ಶುರುವಾಗುವ ಮೊದಲು ನಿಲ್ಲಿಸಬೇಕೇ ಹೊರತು ನಾಲ್ಕು ತಿರುವು ಇಳಿದ ಮೇಲಲ್ಲ.

3. ನಿಲ್ಲಿಸಿದ ಕೂಡಲೇ ಮಾಲೀಕನಿಗೆ ಬರೆದು ತಿಳಿಸಲಿ: “ಗಂಟೆ ಮುಗಿದಿದೆ, ಇಂಥ ಕಡೆ ಲಾರಿ ನಿಲ್ಲಿಸಿದ್ದೇನೆ, ಇಷ್ಟು ಹೊತ್ತಿಗೆ ಹೊರಡುತ್ತೇನೆ.” ಫೋನಿನ ಮಾತು ಗಾಳಿಗೆ ಹೋಗುತ್ತದೆ, ಮೊಬೈಲಿನಲ್ಲಿ ಬರೆದದ್ದು ಉಳಿಯುತ್ತದೆ. “ಓಡಿಸು” ಎಂದು ಅವನು ಮರುಬರೆದರೆ ಅದೂ ಉಳಿಯುತ್ತದೆ.

4. ಚಹಾ, ಬೀಡಿ, ಗುಟ್ಕಾ, ಮುಖಕ್ಕೆ ತಣ್ಣೀರು, ಯಾರೋ ಕೊಟ್ಟ ಮಾತ್ರೆ, ಇವುಗಳಲ್ಲಿ ಯಾವುದೂ ನಿದ್ದೆಯ ಬದಲಿಯಲ್ಲ. ನಿದ್ದೆಗೆ ನಿದ್ದೆಯೇ ಮದ್ದು. ಬೆಳಗಿನ ಜಾವ 2ರಿಂದ 5ರ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು. ಆಗ ಹತ್ತಿರ ಬಂದೆನೆಂಬ ಆಸೆಯಿಂದ ಓಡಿಸುವವನೇ ಮನೆ ತಲುಪದವನು.

5. ಒಬ್ಬನೇ ನಿಲ್ಲಿಸಿದರೆ ನಾಳೆ ಬೇರೆ ಡ್ರೈವರ್ ಬರುತ್ತಾನೆ. ನಿಜ. ಆದ್ದರಿಂದಲೇ ಒಬ್ಬನೇ ನಿಲ್ಲಿಸಬಾರದು. ಹಿಟ್ ಅಂಡ್ ರನ್ ಪ್ರಕರಣಕ್ಕೆ 10 ವರ್ಷದವರೆಗೆ ಜೈಲು ಎಂದು ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬರೆದಾಗ, 2024ರ ಜನವರಿ ಮೊದಲ ದಿನಗಳಲ್ಲಿ ಅನೇಕ ರಾಜ್ಯಗಳ ಡ್ರೈವರರು ಲಾರಿ ನಿಲ್ಲಿಸಿದರು. ಸರಕಾರ ಮಾತುಕತೆಗೆ ಬಂತು. ಅದೇ ವರ್ಷ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಒಂದು ಉಪಕಲಮನ್ನು ತಡೆಹಿಡಿಯಲಾಯಿತು. ಜೈಲಿನ ವಿರುದ್ಧ ಒಟ್ಟಾಗಿ ನಿಂತವರು ನಿದ್ದೆಗಾಗಿ ಒಟ್ಟಾಗಿ ನಿಲ್ಲಲಾರರೇ?

ಎಸ್ಟೇಟಿನವರ ಪಾಲು

ಮಾಲೀಕನನ್ನು ಬಯ್ದು ಸುಮ್ಮನಾಗುವುದು ಸುಲಭ. ಆದರೆ ಡ್ರೈವರ್ ಕಾಯುವ ಗೇಟು ಯಾವುದು? ನಮ್ಮ ಫ್ಯಾಕ್ಟರಿಯ ಗೇಟು. ಅವನ 8 ಗಂಟೆಯಲ್ಲಿ ಅರ್ಧವನ್ನು ನುಂಗುವುದು ಅಲ್ಲಿನ ಚೀಟಿ, ಅಲ್ಲಿನ ತೂಕ, ಅಲ್ಲಿನ ಗುಮಾಸ್ತನ ಊಟದ ಹೊತ್ತು. ಆದ್ದರಿಂದ ಮುಂದಿನ ಸಲ ನಮ್ಮ ಸಂಘ ಆಡಳಿತದೊಂದಿಗೆ ಒಪ್ಪಂದಕ್ಕೆ ಕೂತಾಗ, ಕೂಲಿ ಬೋನಸ್ಸಿನ ಜೊತೆಗೆ ಮೂರು ಮಾತನ್ನು ಇಡಲಿ. ಬಂದ ಲಾರಿಗೆ ಗೊತ್ತಾದ ಹೊತ್ತಿನೊಳಗೆ ಲೋಡು ಆಗಬೇಕು; ತಡವಾದರೆ ಕಾಯುವ ಕೂಲಿಯನ್ನು ಎಸ್ಟೇಟು ಕೊಡಬೇಕು. ಗೇಟಿನ ಬಳಿ ಡ್ರೈವರ್ ಕ್ಲೀನರುಗಳಿಗೆ ಮಲಗಲು ಒಂದು ಕೋಣೆ, ನೀರು, ಶೌಚಾಲಯ ಇರಬೇಕು. ಗಂಟೆ ಮುಗಿದವನ ಕೈಯಲ್ಲಿ ರಾತ್ರಿ ಗೇಟ್‌ಪಾಸ್ ಕೊಟ್ಟು ಹೊರಗೆ ತಳ್ಳಬಾರದು.

ಹೆಂಗಸರಿಗೆ ಒಂದು ಮಾತು. ಹಬ್ಬಕ್ಕೆ ಬೆಳಗಾಗುವುದರೊಳಗೆ ಬಂದುಬಿಡು ಎಂದು ಫೋನ್ ಮಾಡಬೇಡಿ. ಮಲಗಿ ಎದ್ದು ಬಾ ಎಂದು ಹೇಳಿರಿ. ಓಡಿಸುವಾಗ ಫೋನ್ ಮಾಡಲೇಬೇಡಿ. ಟ್ರಿಪ್ ಒಂದು ಕಡಿಮೆಯಾದ ತಿಂಗಳು ಅಂಗಡಿ ಸಾಲ ಏರುತ್ತದೆ ಎಂಬುದು ನಮಗೂ ಗೊತ್ತು. ಆ ಸಾಲವನ್ನು ದುಡಿದು ತೀರಿಸಬಹುದು. ಇನ್ನೊಂದನ್ನು ತೀರಿಸಲಾಗದು.

ವಾರದಲ್ಲೊಂದು ದಿನದ ವಿಶ್ರಾಂತಿ ಯಜಮಾನನಿಗೆ ಮಾತ್ರವಲ್ಲ, ಆಳಿಗೂ ಎತ್ತಿಗೂ ಕೂಡ ಎಂದು ಚಿಕ್ಕಂದಿನಿಂದ ಕಲಿತವರು ನಾವು. ಎತ್ತಿನ ಪಾಲನ್ನು ಸರಕಾರ 1965ರಲ್ಲಿಯೇ ಬರೆದುಕೊಟ್ಟಿತು. ಆಳಿನ ಪಾಲನ್ನು ಬರೆದಿದೆ, ಕೊಟ್ಟಿಲ್ಲ. ಬರೆದದ್ದನ್ನು ಕೊಡಿಸಿಕೊಳ್ಳುವುದು ನಮ್ಮ ಕೆಲಸ. ಸಂಘದ ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯ ಡ್ರೈವರನನ್ನೂ ಕರೆತನ್ನಿರಿ, ಅವನ ಕಿಸೆಯಲ್ಲಿ ಆ ಸಣ್ಣ ಪುಸ್ತಕವೂ ಇರಲಿ.